ಚಿಕ್ಕದು, ಹಗುರದ್ದು ರೀಬ್ರೀದರ್ ಯಾವುದು ತಗೊಳ್ಳಲಿ? ಕೇಳಿದವರಿಗೆಲ್ಲ ನನ್ನ ಉತ್ತರ

ಮೂಡಿಗೆರೆ ಕಡೆಯ ಕಾಫಿ ತೋಟದವನಿಗೆ ಸಮುದ್ರದ ತಳ ನೋಡುವ ಚಟ ಇದೆ ಅಂತ ಗೊತ್ತಾದರೆ ಜನ ಮೊದಲು ಕೇಳುವುದು, ‘ಶಾರ್ಕ್ ಕಚ್ಚಲ್ವಾ?’ ಅದಕ್ಕೆ ಉತ್ತರ ಸುಲಭ. ಕಷ್ಟದ ಪ್ರಶ್ನೆ ಬರುವುದು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ನಾಲ್ಕಾರು ಸಲ ಮುಳುಗಿ ಬಂದವರಿಂದ. ಕಳೆದ ವಾರ ಅಕ್ಕನ ಮಗ ಬೆಂಗಳೂರಿಂದ ಫೋನ್ ಮಾಡಿದ್ದ. ‘ಮಾವ, ಈ ಸಿಲಿಂಡರ್ ಹೊತ್ತು ಹೊತ್ತು ಸೊಂಟ ಹೋಯ್ತು. ಚಿಕ್ಕದು, ಹಗುರದ್ದು ಒಂದು ರೀಬ್ರೀದರ್ ಹೇಳಿ, ತಗೊಂಡ್ಬಿಡ್ತೀನಿ.’ ಬಿಟ್ಟ ಉಸಿರನ್ನೇ ಮತ್ತೆ ಉಸಿರಾಡಲು ಕೊಡುವ ಡೈವಿಂಗ್ ಯಂತ್ರವನ್ನು ಮಿಕ್ಸಿ ಕೇಳುವ ಧಾಟಿಯಲ್ಲೇ ಕೇಳಿದ.

ಆಸೆಯಲ್ಲಿ ತಪ್ಪಿಲ್ಲ. ಮಾಮೂಲಿ ಸ್ಕೂಬಾದಲ್ಲಿ ಗಾಳಿಯನ್ನು ಬಳಸುವುದಕ್ಕಿಂತ ಚೆಲ್ಲುವುದೇ ಹೆಚ್ಚು. ಒಳಗೆಳೆದ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಕ್ಸಿಜನ್ ಇದ್ದರೆ, ಬಿಟ್ಟ ಉಸಿರಿನಲ್ಲಿ ಇನ್ನೂ 16-17 ಪಾಲು ಹಾಗೇ ಉಳಿದಿರುತ್ತದೆ. ಅಷ್ಟನ್ನೂ ಗುಳ್ಳೆ ಮಾಡಿ ಬಿಡುತ್ತೇವೆ. ಆಳಕ್ಕೆ ಹೋದಷ್ಟೂ ದುಂದು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು 20 ಮೀಟರ್ ಆಳದ ಮೂರು ಪಟ್ಟು ಒತ್ತಡದಲ್ಲಿ 60 ಲೀಟರ್ ಖಾಲಿ ಮಾಡುತ್ತಾನೆ. ಮೈಗೆ ನಿಜಕ್ಕೂ ಬೇಕಾದದ್ದು, ಎಷ್ಟೇ ಆಳವಿರಲಿ, ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಆಕ್ಸಿಜನ್. ರೀಬ್ರೀದರ್ ನಾವು ಬಿಟ್ಟ ಉಸಿರನ್ನೇ ಚೀಲದಲ್ಲಿ ಹಿಡಿದು, ಇಂಗಾಲದ ಡೈಆಕ್ಸೈಡ್ ತೆಗೆದು, ಕಡಿಮೆಯಾದಷ್ಟು ಆಕ್ಸಿಜನ್ ಸೇರಿಸಿ ವಾಪಸ್ ಕೊಡುತ್ತದೆ. ಹಾಗಾಗಿ ಎರಡು-ಮೂರು ಲೀಟರಿನ ಪುಟಾಣಿ ಸಿಲಿಂಡರ್ ಗಂಟೆಗಟ್ಟಲೆ ಬರುತ್ತದೆ. ಗುಳ್ಳೆಯ ಗಲಾಟೆಯೂ ಇಲ್ಲ, ಮೀನು ಹತ್ತಿರ ಬಂದು ಮುಖ ನೋಡಿ ಹೋಗುತ್ತದೆ. ನಾನೂ ಮರುಳಾದದ್ದು ಅದಕ್ಕೇ.

ಯಂತ್ರ ಹೊಸದೇನಲ್ಲ. ಇಂಗ್ಲೆಂಡಿನ ಹೆನ್ರಿ ಫ್ಲೂಸ್ ಎಂಬಾತ 1878ರಲ್ಲೇ ಒಂದನ್ನು ಮಾಡಿದ್ದ. ನಾವು ಮಾಮೂಲಿ ಅನ್ನುವ ಸ್ಕೂಬಾ ಬಂದದ್ದು 1943ರಲ್ಲಿ. ಮೊದಲು ಹುಟ್ಟಿಯೂ ರೀಬ್ರೀದರ್ ಎಲ್ಲರ ಬೆನ್ನೇರದೆ ಉಳಿದದ್ದಕ್ಕೆ ಒಂದು ಕಾರಣ ಅದರ ಹೊಟ್ಟೆಯಲ್ಲಿರುವ ಸುಣ್ಣ.

ಸುಣ್ಣದ ವಿಷಯ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹೋದ ವರ್ಷದ ಚೀಲದ ಬಾಯಿ ಬಿಚ್ಚಿಟ್ಟಿದ್ದರೆ ಆ ಸುಣ್ಣ ಕೆಲಸಕ್ಕೆ ಬಾರದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕುಡಿದು ಸತ್ತ ಪುಡಿಯಾಗಿರುತ್ತದೆ. ರೀಬ್ರೀದರಿನ ಸ್ಕ್ರಬ್ಬರ್ ಡಬ್ಬಿಯಲ್ಲಿ ನಡೆಯುವುದೂ ಇದೇ. ಸೋಡಾ ಲೈಮ್ ಅನ್ನುವ ಸುಣ್ಣದ ಹರಳು ನಮ್ಮ ಉಸಿರಿನಿಂದ ಅದನ್ನು ಕುಡಿದು, ಬಿಸಿಯಾಗಿ, ಕೊನೆಗೊಮ್ಮೆ ಸಾಯುತ್ತದೆ. ಆಪರೇಷನ್ ಥಿಯೇಟರಿನ ಅರಿವಳಿಕೆ ಯಂತ್ರದಲ್ಲೂ ಇದೇ ಜಾತಿಯ ಹರಳು, ಅಲ್ಲಿ ಸತ್ತದ್ದು ನೇರಳೆ ಬಣ್ಣಕ್ಕೆ ತಿರುಗಿ ತಿಳಿಸುತ್ತದೆ. ಬೋರ್ಡೋದಲ್ಲಿ ಸುಣ್ಣ ಸಾಲದಿದ್ದರೆ ಕತ್ತಿ ಅದ್ದಿದಾಗ ಅಲಗಿಗೆ ತಾಮ್ರದ ಕೆಂಪು ಹತ್ತುತ್ತದೆ. ನೀರಿನೊಳಗೆ, ಬೆನ್ನ ಮೇಲಿನ ಡಬ್ಬಿಗೆ ಯಾವ ಕತ್ತಿ ಅದ್ದುವುದು? ಕೆಲವು ಯಂತ್ರಗಳಲ್ಲಿ ಹರಳಿನ ಬಿಸಿ ಅಳೆಯುವ ಕಡ್ಡಿ ಇದೆ. ಉಳಿದವಕ್ಕೆ ಗಂಟೆ ಲೆಕ್ಕ ಬರೆದಿಟ್ಟುಕೊಳ್ಳುವುದೇ ಗತಿ.

ಥಾಯ್ಲೆಂಡಿನಲ್ಲಿ ಕಲಿಯುವಾಗ ನಾನು ಜಂಬದಿಂದ ತುಂಬಿ ಕೊಟ್ಟ ಡಬ್ಬಿಯನ್ನು ಕಲಿಸುವವರು ಮೇಜಿನ ಮೇಲೆ ನಾಲ್ಕು ಸಲ ಮೆಲ್ಲಗೆ ಕುಟ್ಟಿದರು. ಹರಳು ಒಂದು ಬೆರಳು ಇಳಿಯಿತು. ಕೊಳಗ ಕುಟ್ಟದೆ ಭತ್ತ ಅಳೆದ ಹಾಗೆ ಆಗಿತ್ತು ನನ್ನ ಕೆಲಸ. ಆ ಒಂದು ಬೆರಳಿನ ಸಂದಿಯಲ್ಲಿ ಉಸಿರು ಸುಣ್ಣ ಮುಟ್ಟದೆ ನುಸುಳಿ ಬರುತ್ತದೆ. ತಲೆನೋವು, ಏದುಸಿರು, ಗಾಬರಿ. ಆಕ್ಸಿಜನ್ ಕಡಿಮೆಯಾದರೆ ಇಷ್ಟು ಸೂಚನೆಯೂ ಇಲ್ಲದೆ ಎಚ್ಚರ ತಪ್ಪಬಹುದು. ಅದೇ ಆಕ್ಸಿಜನ್ ಹೆಚ್ಚಾಗಿ, ಅದರ ಪಾಲಿನ ಒತ್ತಡ 1.6 ಬಾರ್ ದಾಟಿದರೆ ನೀರಿನಲ್ಲೇ ಫಿಟ್ಸ್ ಬರುವ ಅಪಾಯ. ಇದನ್ನು ಕಾಯುವ ಸೆನ್ಸರ್‌ಗಳು, ನೀವು ಡೈವ್ ಮಾಡಿ ಬಿಡಿ, ಸಾಮಾನ್ಯವಾಗಿ ವರ್ಷ ತುಂಬುವ ಹೊತ್ತಿಗೆ ಬದಲಾಗಬೇಕು.

ಈಗ ಹಗುರದ ಮಾತು. ಯಂತ್ರ ಚಿಕ್ಕದಾಗುವಾಗ ಸಾಮಾನ್ಯವಾಗಿ ಸುಣ್ಣದ ಡಬ್ಬಿಯೂ ಚಿಕ್ಕದಾಗುತ್ತದೆ, ಅಂದರೆ ನೀರಿನೊಳಗಿನ ನಿಮಿಷಗಳೂ ಕಡಿಮೆಯಾಗುತ್ತವೆ. ಜತೆಗೆ ಬೇಲ್‌ಔಟ್ ಬೇರೆ. ಯಂತ್ರ ಕೈಕೊಟ್ಟರೆ ಉಸಿರಾಡಿಕೊಂಡು ಮೇಲೆ ಬರಲು ಇಟ್ಟುಕೊಳ್ಳುವ ಮಾಮೂಲಿ ಸಿಲಿಂಡರ್ ಅದು. 30 ಮೀಟರ್ ಆಳದಲ್ಲಿ ಗಾಬರಿಯಾದವನು ನಿಮಿಷಕ್ಕೆ 40 ಲೀಟರ್ ಎಳೆಯುತ್ತಾನೆ ಅಂತಿಟ್ಟುಕೊಳ್ಳಿ. ಸಾವರಿಸಿಕೊಳ್ಳಲು ಒಂದು ನಿಮಿಷ, ನಿಧಾನಕ್ಕೆ ಏರಲು ಮೂರೂವರೆ, ಐದು ಮೀಟರಿನಲ್ಲಿ ನಿಲ್ಲಲು ಮೂರು. ಒತ್ತಡದ ಲೆಕ್ಕ ಸೇರಿಸಿದರೆ 690 ಲೀಟರಿನ ಹತ್ತಿರ. ಮೂರು ಲೀಟರಿನ ಮುದ್ದಾದ ಸಿಲಿಂಡರನ್ನು 200 ಬಾರ್ ಒತ್ತಡಕ್ಕೆ ತುಂಬಿದರೂ 600. ಸಾಲದು. ಅದಕ್ಕಿಂತ ದೊಡ್ಡ, ಆರು ಲೀಟರಿನ ಹತ್ತಿರದ ಅಲ್ಯೂಮಿನಿಯಂ ಸಿಲಿಂಡರ್ ತೆಗೆದುಕೊಂಡರೆ ಖಾಲಿಯಿದ್ದಾಗಲೇ ಏಳು ಕಿಲೋದ ಹತ್ತಿರ. ಬ್ರೋಷರಿನ ತೂಕಕ್ಕೆ ಇದನ್ನು ಕೂಡಿಸಿಕೊಂಡು ಆಮೇಲೆ ಸೊಂಟದ ಮಾತಾಡಿ.

ಆದರೂ ಬೇಕೇ ಬೇಕು ಅನ್ನುವವರಿಗೆ: ಮೊದಲ ಯಂತ್ರವಾದರೆ ಪೊಸೈಡನ್ ಕಂಪನಿಯ ಥರದ್ದನ್ನು ನೋಡಿ. ನೀರಿಗಿಳಿಯುವ ಮುಂಚೆ ತಾನೇ ತನ್ನನ್ನು ಪರೀಕ್ಷಿಸಿಕೊಳ್ಳುತ್ತದೆ, ಹರಳು ತುಂಬಿದ ಸಿದ್ಧ ಕಾರ್ಟ್ರಿಜ್ ಬರುತ್ತದೆ, ನನ್ನಂಥವರ ಕೈತಪ್ಪಿಗೆ ಜಾಗ ಕಡಿಮೆ. ನಿಜಕ್ಕೂ ಸೂಟ್‌ಕೇಸಿಗೆ ಹಿಡಿಸುವುದು ಎದೆಗೆ ಕಟ್ಟುವ, ಕೈಯಾರೆ ಆಕ್ಸಿಜನ್ ಬಿಡುವ ಮಾದರಿ. ಬೇಲ್‌ಔಟಿಗೆ ಬೆನ್ನಿನ ಮಾಮೂಲಿ ಸಿಲಿಂಡರೇ ಸಾಕು. ಇಷ್ಟು ಹೇಳುವಷ್ಟರಲ್ಲಿ ಅಕ್ಕನ ಮಗ, ‘ಹಾಗಾದ್ರೆ ಬೆನ್ನಿನ ಸಿಲಿಂಡರ್ ಹೋಗ್ಲೇ ಇಲ್ವಲ್ಲ ಮಾವ!’ ಅಂದ. ಅದೇ ಮಾರಾಯ, ಹೋಗಲ್ಲ.

ಯಾವುದೇ ಆಗಲಿ, ಆ ಯಂತ್ರಕ್ಕೇ ಬೇರೆ ಕೋರ್ಸ್ ಮಾಡಬೇಕು. ಶುದ್ಧ ಆಕ್ಸಿಜನ್ ತುಂಬಿಕೊಡುವವರು, ಡೈವಿಂಗ್ ದರ್ಜೆಯ ಹರಳು, ಸೆನ್ಸರ್ ತರಿಸಿಕೊಡುವವರು ಸಿಗುತ್ತಾರೋ ನೋಡಿಕೊಂಡು ದುಡ್ಡು ಬಿಚ್ಚಿ. ಲಕ್ಷಗಳ ಬಾಬತ್ತು. ವರ್ಷಕ್ಕೆ ಎರಡು ಸಲ ನೇತ್ರಾಣಿಗೆ ಹೋಗುವವರು ಕೊಳ್ಳಬೇಡಿ ಅಂತಲೇ ನಾನು ಹೇಳುವುದು. ನಾನೂ ಕೊಂಡಿಲ್ಲ, ಹೋದಲ್ಲಿ ಬಾಡಿಗೆಗೆ ತೆಗೆದುಕೊಳ್ಳುತ್ತೇನೆ. ಆನ್‌ಲೈನಿನಲ್ಲಿ ಬರುವ ಅರ್ಧ ಲೀಟರಿನ ಬಾಟಲಿ ಸಿಲಿಂಡರನ್ನಂತೂ ಮುಟ್ಟಬೇಡಿ. 200 ಬಾರ್ ಒತ್ತಡಕ್ಕೆ ತುಂಬಿದರೆ ನೂರು ಲೀಟರ್, ಹತ್ತು ಮೀಟರಿನಲ್ಲಿ ಎರಡೂವರೆ ನಿಮಿಷ.

ಸೊಂಟ ನೋವಿಗೆ ದೋಣಿಯವರಿಗೆ ಒಂದು ಮಾತು ಹೇಳಿದರಾಯಿತು. ಸಿಲಿಂಡರನ್ನು ನೀರಿಗೇ ಇಳಿಸಿ ಕೊಡುತ್ತಾರೆ, ಅಲ್ಲೇ ತೊಟ್ಟುಕೊಳ್ಳಬಹುದು.

ಅಕ್ಕನ ಮಗನ ತಲೆಗೆ ಹೋಗದ ಇನ್ನೊಂದು ವಿಷಯವಿತ್ತು. ಬೆಳಿಗ್ಗೆ ಎರಡು ಡೈವ್ ಮುಗಿಸಿ, ಮಧ್ಯಾಹ್ನ ಮುರುಡೇಶ್ವರ ಬಿಟ್ಟು, ಆಗುಂಬೆ ಘಾಟಿ ಹತ್ತಿ ರಾತ್ರಿ ಊಟಕ್ಕೆ ನಮ್ಮನೆಗೆ ಬರುತ್ತಿದ್ದ. ಡೈವ್ ಆದ ಮೇಲೆ 600 ಮೀಟರಿಗಿಂತ ಎತ್ತರಕ್ಕೆ ಹೋಗುವುದು ವಿಮಾನ ಹತ್ತಿದ ಹಾಗೇ ಲೆಕ್ಕ. ಒಂದೇ ಡೈವ್ ಆದರೆ 12 ಗಂಟೆ, ಹೆಚ್ಚಾದರೆ 18 ಗಂಟೆ ಕಾಯಬೇಕು. ನಮ್ಮ ಮೂಡಿಗೆರೆ ಅದಕ್ಕಿಂತ ಎತ್ತರದಲ್ಲೇ ಇದೆ. ಬೆನ್ನಲ್ಲಿ ಯಾವ ಯಂತ್ರವಿದ್ದರೂ ಕಾಯುವುದು ತಪ್ಪದು. ಈ ಸಲ ಮುರುಡೇಶ್ವರದಲ್ಲಿ ಒಂದು ರಾತ್ರಿ ಹೆಚ್ಚಿಗೆ ರೂಮ್ ಹಾಕಿದ್ದಾನೆ. ಊಟ ಮಾರನೆಯ ದಿನ ಅಂತ ಅಕ್ಕನಿಗೆ ನಾನೇ ಫೋನ್ ಮಾಡಿದೆ.