ಸುದ್ದಿ ಕ್ಯಾಮೆರಾಗಳ ಚಿತ್ರಗಳಲ್ಲಿ ಇಷ್ಟೊಂದು ವ್ಯತ್ಯಾಸವೇಕೆ?

ಒಂದೇ ಪತ್ರಿಕಾಗೋಷ್ಠಿಯ ದೃಶ್ಯ ಒಂದು ವಾಹಿನಿಯಲ್ಲಿ ಸ್ವಚ್ಛವಾಗಿಯೂ ಇನ್ನೊಂದರಲ್ಲಿ ಮಂಕಾಗಿಯೂ ಕಾಣುವುದಕ್ಕೆ ಕ್ಯಾಮೆರಾಮನ್‌ನ ಕೌಶಲವಷ್ಟೇ ಕಾರಣವಲ್ಲ. ಅವರ ಕ್ಯಾಮೆರಾದಲ್ಲಿ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್‌ಗೂ ಅದರಲ್ಲಿ ದೊಡ್ಡ ಪಾತ್ರವಿದೆ. ಸುದ್ದಿ ವಿಭಾಗಗಳು ಬಹುಕಾಲದಿಂದ ನೆಚ್ಚಿಕೊಂಡಿರುವ 2/3 ಇಂಚಿನ ಸೆನ್ಸರ್ ಇರುವ ಕ್ಯಾಮೆರಾಗಳಲ್ಲಿ, ಲೆನ್ಸ್ ಮೂಲಕ ಬಂದ ಬೆಳಕನ್ನು ಪ್ರಿಸಂ ಕೆಂಪು, ಹಸಿರು ಮತ್ತು ನೀಲಿಯಾಗಿ ವಿಭಜಿಸಿ ಮೂರು ಪ್ರತ್ಯೇಕ ಸೆನ್ಸರ್‌ಗಳಿಗೆ ಕಳುಹಿಸುತ್ತದೆ. ಹಲವು 1/3 ಇಂಚಿನ ಕ್ಯಾಮೆರಾಗಳಲ್ಲೂ ಇದೇ ಏರ್ಪಾಡಿದೆ, ಆದರೆ ಸೆನ್ಸರ್‌ನ ವಿಸ್ತೀರ್ಣ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗುವುದರಿಂದ ಮಂದ ಬೆಳಕಿನಲ್ಲಿ ಗೇನ್ (ಸೆನ್ಸರ್ ಸಂಕೇತದ ವರ್ಧನೆ) ಏರಿಸಲೇಬೇಕಾಗುತ್ತದೆ; ಅದು 18 ಡಿಬಿಗೆ (ಡೆಸಿಬಲ್) ಹೋದರೆ ಕಪ್ಪು ಕೋಟಿನ ಮೇಲೆ ಸಣ್ಣ ಸಣ್ಣ ಚುಕ್ಕೆಗಳು ಹರಿದಾಡತೊಡಗುತ್ತವೆ.

ಸೆನ್ಸರ್‌ನ ಬಗೆಯೂ ಮುಖ್ಯ; ಸಿಸಿಡಿ ಮತ್ತು ಸಿಮಾಸ್ ಎಂಬ ಎರಡು ಬಗೆಗಳಿವೆ. ಸಿಸಿಡಿ ಕ್ಯಾಮೆರಾವನ್ನು ರಾತ್ರಿ ವಾಹನದ ಹೆಡ್‌ಲೈಟಿನತ್ತ ತಿರುಗಿಸಿದರೆ ಚಿತ್ರದ ಮೇಲಿಂದ ಕೆಳಕ್ಕೆ ಬೆಳಕಿನ ಗೆರೆಯೊಂದು ಮೂಡಬಹುದು. ಸಾಲುಸಾಲಾಗಿ ಚಿತ್ರವನ್ನು ಓದುವ ಸಿಮಾಸ್‌ನಲ್ಲಿ ಈ ತೊಂದರೆ ಇಲ್ಲವಾದರೂ, ಪಕ್ಕದಲ್ಲಿ ಫ್ಲ್ಯಾಶ್ ಮಿಂಚಿದಾಗ ಫ್ರೇಮಿನ ಒಂದು ಭಾಗ ಮಾತ್ರ ಬೆಳ್ಳಗಾಗಿ ಉಳಿದ ಭಾಗ ಹಾಗೆಯೇ ಇರುತ್ತದೆ. ಫ್ಲ್ಯಾಶ್‌ಗಳ ಸುರಿಮಳೆಯಾಗುವ ಕಾರ್ಯಕ್ರಮಗಳಿಗೆ ನಾನು ಇಂದಿಗೂ ಸಿಸಿಡಿಯನ್ನೇ ಬಯಸುತ್ತೇನೆ.

ಇನ್ನು ರೆಕಾರ್ಡಿಂಗ್. ಎಚ್‌ಡಿವಿ ಸ್ವರೂಪವು 1440×1080 ಚಿತ್ರವನ್ನು ಸೆಕೆಂಡಿಗೆ ಸುಮಾರು 25 ಮೆಗಾಬಿಟ್‌ಗೆ, 4:2:0 ಬಣ್ಣದ ವಿವರದೊಂದಿಗೆ (ಅಂದರೆ ಬಣ್ಣದ ವಿವರದ ಕಾಲುಭಾಗ ಮಾತ್ರ ಉಳಿಸಿ) ಅಡಕಗೊಳಿಸಿದರೆ, ಎಕ್ಸ್‌ಡಿಕ್ಯಾಮ್ ಎಚ್‌ಡಿ422 ಪೂರ್ಣ 1920×1080 ಚಿತ್ರಕ್ಕೆ 50 ಮೆಗಾಬಿಟ್ ಬಳಸಿ 4:2:2 ವಿವರವನ್ನು (ಅಂದರೆ ಅರ್ಧದಷ್ಟು) ಉಳಿಸಿಕೊಳ್ಳುತ್ತದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎರಡೂ ಚೆನ್ನಾಗಿಯೇ ಕಾಣುತ್ತವೆ. ಸಂಕಲನ ಮುಗಿದು, ಪ್ರಸಾರಕ್ಕಾಗಿ ಮತ್ತೊಮ್ಮೆ ಅಡಕಗೊಂಡ ಬಳಿಕ, ಮೊದಲನೆಯದರಲ್ಲಿ ಕೆಂಪು ಬ್ಯಾನರಿನ ಅಂಚು ಒಡೆದು ಚೌಕಚೌಕವಾಗುತ್ತದೆ.