ಪಾತ್ರೆ ತೊಳೆಯೋಕೆ ಯಾರಿದ್ದೀರಾ?

ಜನವರಿ 21ರಂದು ತುಮಕೂರಿನಲ್ಲಿ ಹಸಿದುಕೊಂಡು ಇರೋದು ಕಷ್ಟ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರಲ್ಲಿ ಲಿಂಗೈಕ್ಯರಾದ ದಿನ ಅಲ್ವಾ, ಎಷ್ಟೋ ಬೀದಿಗಳಲ್ಲಿ ಅನ್ನದಾಸೋಹ ಇರುತ್ತೆ. ನಮ್ಮ ಬೀದಿಯಲ್ಲಿ ಒಬ್ಬರು ಅಕ್ಕಿ ಕೊಟ್ಟರು, ಇನ್ನೊಬ್ಬರು ಸಿಲಿಂಡರ್ ತಂದಿಟ್ಟರು, ಕೈಯಲ್ಲಿ ಕಾಸಿಲ್ಲದವರು ಬೆಳಕು ಹರಿಯುವ ಮುಂಚೆಯೇ ಬಂದು ತರಕಾರಿ ಹೆಚ್ಚೋಕೆ ಕೂತರು.

ಅಮ್ಮ ಈಳಿಗೆಮಣೆ ಮನೆಯಿಂದಲೇ ತಗೊಂಡು ಹೋಗಿದ್ದಳು. ಚಾಕು ಅವಳಿಗೆ ಆಗಲ್ಲ. ಪಕ್ಕದಲ್ಲಿ ಬಂದು ಕೂತವರು ಮೂರು ಮನೆ ಆಚೆಯ ಆಂಟಿ, ಕಸ ಹಾಕೋ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟು ಎಷ್ಟೋ ತಿಂಗಳಾಗಿತ್ತು. ಸ್ವಲ್ಪ ಹೊತ್ತು ಇಬ್ಬರೂ ತೆಪ್ಪಗಿದ್ದರು. ಆಮೇಲೆ ಆಂಟಿ ಅವರೆಕಾಯಿ ಬುಟ್ಟಿಯನ್ನು ಇತ್ತ ತಳ್ಳಿ, "ಹುಳ ಇದ್ಯಾ ನೋಡ್ರೀ, ಕನ್ನಡಕ ಮರೆತು ಬಂದಿದ್ದೀನಿ" ಅಂದರು. ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸೇರಿ ಅಡುಗೆ ಭಟ್ಟರಿಗೇ ಉಪ್ಪು ಜಾಸ್ತಿ ಅಂತ ಬೈಯುತ್ತಿದ್ದರು!

ಮಠದಲ್ಲಿ ಸಾವಿರಾರು ಮಕ್ಕಳಿಗೆ ದಿನಾ ಊಟ, ಜಾತಿ ಕೇಳೋದಿಲ್ಲ. ಸುಗ್ಗಿ ಆದ ಮೇಲೆ ಹಳ್ಳಿಯವರು ರಾಗಿ, ತೆಂಗಿನಕಾಯಿ ಸುಮ್ನೆ ತಂದು ಕೊಟ್ಟು ಹೋಗುತ್ತಾರೆ, ಹೆಸರು ಬರೆಸೋಕೂ ನಿಲ್ಲಲ್ಲ. ನಮ್ಮ ಬೀದಿಯ ಫ್ಲೆಕ್ಸ್‌ನಲ್ಲಿ ಮಾತ್ರ ಸ್ವಾಮೀಜಿ ಫೋಟೊಗಿಂತ ಫ್ಲೆಕ್ಸ್ ಹಾಕಿಸಿದವರ ಫೋಟೊಗಳೇ ಜಾಸ್ತಿ, ಅದೊಂದು ನನಗೆ ಹಿಡಿಸಲಿಲ್ಲ.

ಉಳಿದ ಅನ್ನ ಸಾರನ್ನು ಹುಡುಗರು ಆಟೋದಲ್ಲಿ ಬಸ್ ಸ್ಟ್ಯಾಂಡ್ ಕಡೆ ಒಯ್ದರು. ಪಾತ್ರೆ ತೊಳೆಯೋಕೆ ಜನ ಸಾಲಲಿಲ್ಲ. ಮುಂದಿನ ವರ್ಷ ಫ್ಲೆಕ್ಸ್‌ನಲ್ಲಿ ಇರೋರನ್ನೇ ಕರೆಯೋದು ಅಂತ ಅಮ್ಮ, ಆಂಟಿ ಈಗಲೇ ತೀರ್ಮಾನ ಮಾಡಿದ್ದಾರೆ.