ಗುಂಪಿನಲ್ಲಿ ಕಾಳಿ ಕಾಡು, ಒಬ್ಬನೇ ಒಂದು ಮರ

ಮಾರ್ಚ್‌ನಲ್ಲಿ ಉತ್ತರ ಕನ್ನಡದ ಗಣೇಶಗುಡಿ, ದಾಂಡೇಲಿ ಕಡೆ ಹೋಗಿದ್ದೆ. ಮೊದಲು ಹಕ್ಕಿ ನೋಡುವವರ ಒಂದು ತಂಡದ ಜೊತೆ, ಆಮೇಲೆ ಒಬ್ಬನೇ. ಹೀಗೇ ಮಾಡಬೇಕು ಅಂತ ಲೆಕ್ಕಾಚಾರವೇನೂ ಇರಲಿಲ್ಲ. ತಂಡದವರಿಗೆ ಸೋಮವಾರ ಆಫೀಸಿತ್ತು, ನನಗೆ ರಜೆ ಮಿಕ್ಕಿತ್ತು, ಅಷ್ಟೇ.

ತಂಡ ಉಳಿದುಕೊಂಡಿದ್ದು ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್‌ನಲ್ಲಿ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ ಅದು. ಈಗ ಅಲ್ಲಿ ಹಕ್ಕಿಗಳಿಗೆ ಅಂತ ನೀರು ಇಡುತ್ತಾರೆ. ಎದುರಿಗೆ ಸುಮ್ನೆ ಕೂತರೆ ಸಾಕು, ಕೆಂಪು ಕೊರಳಿನ ಬುಲ್‌ಬುಲ್, ಶಾಮಾ ಎಲ್ಲ ಒಂದೊಂದಾಗಿ ಬಂದು ಮಿಂದು ಹೋಗುತ್ತವೆ. ಫೋಟೋ ತೆಗೆಯುವವರಿಗೆ ಅದು ಸ್ವರ್ಗ. ನನಗೆ ಯಾಕೋ ಅಲ್ಲಿ ಹಕ್ಕಿಗಿಂತ ಕ್ಯಾಮೆರಾದ ಟಕಟಕ ಸದ್ದೇ ಜಾಸ್ತಿ ಅನ್ನಿಸಿತು.

ಆದರೆ ರಸ್ತೆಗಿಳಿದ ಮೇಲೆ ಗುಂಪಿನ ಬೆಲೆ ಗೊತ್ತಾಯಿತು. ನಮ್ಮ ಜೊತೆ ಆ ಊರಿನ ಹುಡುಗನೊಬ್ಬ ಗೈಡ್ ಆಗಿ ಬಂದಿದ್ದ. ಅವನು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುವವನು. ನಡೆಯುತ್ತಿದ್ದವನು ಥಟ್ಟನೆ ನಿಂತ. "ಸರ್, ಟ್ರೋಗನ್" ಅಂದ. ನಮಗೆ ಏನೂ ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿಂದ ಕ್ಯಾವ್, ಕ್ಯಾವ್ ಅಂತ ಮೆಲ್ಲಗೆ ಬಂತು. ಮಲಬಾರ್ ಟ್ರೋಗನ್, ನಮ್ಮ ಪುಸ್ತಕಗಳ ಕಾಕರಣೆ ಹಕ್ಕಿ. ಗಂಡಿನ ಹೊಟ್ಟೆ ಕಡುಗೆಂಪು. ಆದರೆ ಈ ಹಕ್ಕಿಗೆ ಜನರಿಗೆ ಬೆನ್ನು ತೋರಿಸಿ ಕೂರುವ ಅಭ್ಯಾಸ. ಕಂದು ಬೆನ್ನು ಆ ನೆರಳಿನಲ್ಲಿ ಎಲ್ಲಿ ಕಾಣಬೇಕು? ಅಲುಗಾಡುವುದೂ ಇಲ್ಲ. "ಬಾಗಿದ ಬಿದಿರು ನೋಡಿ, ಅದರ ಹಿಂದೆ ಬಳ್ಳಿ, ಬಳ್ಳಿಯಿಂದ ಎಡಕ್ಕೆ" ಅಂತ ಒಬ್ಬರಿಂದೊಬ್ಬರಿಗೆ ದಾರಿ ಹೇಳಿಸಿಕೊಂಡು ಎಲ್ಲರೂ ನೋಡಿದೆವು. ಒಬ್ಬನೇ ಇದ್ದಿದ್ದರೆ ಅದರ ಕೆಳಗೇ ನಡೆದು ಹೋಗುತ್ತಿದ್ದೆ.

ಇನ್ನೊಂದು ಕಡೆ ಮರದ ತುದಿಯಲ್ಲಿ ಬೇರೆ ಬೇರೆ ಜಾತಿಯ ಹಕ್ಕಿಗಳು ಒಟ್ಟಿಗೆ ಹುಳ ಹುಡುಕುತ್ತಾ ಬಂದವು. ಕಿತ್ತಳೆ ಬಣ್ಣದ ಮಿನಿವೆಟ್, ಕಾಂಡದ ಮೇಲೆ ತಲೆಕೆಳಗಾಗಿ ಇಳಿಯುವ ನಟ್‌ಹ್ಯಾಚ್, ನಡುವೆ ಬಾಲದ ಎರಡು ಗರಿ ತೂಗಿಸಿಕೊಂಡು ಭೀಮರಾಜ. ಬೇರೆಯವರು ಎಬ್ಬಿಸಿದ ಹುಳವನ್ನು ಭೀಮರಾಜ ಗಾಳಿಯಲ್ಲೇ ಹಿಡಿಯುತ್ತದೆ. ಗಿಡುಗ ಬಂದರೆ ಕಿರುಚಿ ಎಚ್ಚರಿಸುವ ಕೆಲಸವೂ ಅದರದ್ದೇ. ಹಾಗಾಗಿ ಉಳಿದವು ತಲೆ ತಗ್ಗಿಸಿ ತಿನ್ನಬಹುದು. ಕೆಲವೇ ನಿಮಿಷದಲ್ಲಿ ಎಲ್ಲವೂ ಮುಂದೆ ಹೋಗಿಬಿಟ್ಟವು. ಎಲ್ಲರ ಕಣ್ಣು ಸೇರಿದ್ದರಿಂದ ಪಟ್ಟಿ ಉದ್ದವಾಯಿತು. ಸಂಜೆ ತಂಡದ ಮೇಡಂ ಒಬ್ಬರು ಇಬರ್ಡ್ (ನೋಡಿದ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ಪಟ್ಟಿಯನ್ನು ಎಲ್ಲರಿಗೂ ಹಂಚಿದರು. ಅದರಲ್ಲಿ ನಾನು ನೋಡಿಯೂ ಇಲ್ಲದ, ಕೇಳಿಯೂ ಇಲ್ಲದ ಹಕ್ಕಿಗಳಿದ್ದವು. ನನ್ನ ಪ್ರತಿಯಿಂದ ಅವನ್ನು ತೆಗೆದೆ. ಪಟ್ಟಿ ಸಾಕಷ್ಟು ಸಣ್ಣದಾಯಿತು!

ತಂಡ ಹೊರಟ ಮೇಲೆ ದಾಂಡೇಲಿಗೆ ಬಂದೆ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕಾಡಿನೊಳಗೆ ಒಬ್ಬರೇ ಮನಸ್ಸಿಗೆ ಬಂದ ಹಾಗೆ ನಡೆಯುವಂತಿಲ್ಲ, ಅದು ಸರಿಯೂ ಹೌದು. ಆದರೆ ದಾಂಡೇಲಿಯಲ್ಲಿ ಹಾರ್ನ್‌ಬಿಲ್, ಅಂದರೆ ದೊಡ್ಡ ಕೊಕ್ಕಿನ ಮಂಗಟ್ಟೆ, ನೋಡಲು ಕಾಡಿನೊಳಗೇ ಹೋಗಬೇಕಾಗಿಲ್ಲ. ನಮ್ಮ ಪಶ್ಚಿಮ ಘಟ್ಟದ ನಾಲ್ಕೂ ಬಗೆಯ ಮಂಗಟ್ಟೆಗಳು ಈ ಸುತ್ತಿನಲ್ಲಿವೆ. 2011ರಲ್ಲಿ ಇಲ್ಲಿ ಅವುಗಳಿಗಾಗಿಯೇ ಸಂರಕ್ಷಣಾ ಮೀಸಲು ಘೋಷಣೆಯಾಗಿದೆ. ಅರಣ್ಯ ಇಲಾಖೆಯ ಮರದ ಡಿಪೋ ಹತ್ತಿರವೂ ಕಪ್ಪು ಬಿಳಿ ಮಲಬಾರ್ ಪೈಡ್ ಹಾರ್ನ್‌ಬಿಲ್‌ಗಳು ಕಾಣಸಿಗುತ್ತವೆ.

ನಾನು ಕೂತಿದ್ದು ಈ ಪೈಡ್ ಹಾರ್ನ್‌ಬಿಲ್ ಗೂಡಿದ್ದ, ರಸ್ತೆ ಬದಿಯ ಒಂದು ಹಳೇ ಮರದಿಂದ ದೂರದಲ್ಲಿ. ಎಲ್ಲಿ ಅಂತ ಬರೆಯುವುದಿಲ್ಲ. ಗೂಡಿನ ಜಾಗ ಬಾಯಿಂದ ಬಾಯಿಗೆ ಹೋದರೆ ಮುಂದಿನ ವಾರ ಅಲ್ಲಿ ಜನ ಸಾಲುಗಟ್ಟುತ್ತಾರೆ. ಮಂಗಟ್ಟೆಯ ಹೆಣ್ಣು ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಅದರ ಊಟವೆಲ್ಲ ಗಂಡು ತಂದಿದ್ದೇ. ಕೆಳಗೆ ಜನ ಇದ್ದರೆ ಗಂಡು ಗೂಡಿಗೆ ಬರಲು ಹಿಂಜರಿಯುತ್ತದೆ. ಗುಂಪಿನಲ್ಲಿ ಒಬ್ಬರು ಕೆಮ್ಮುತ್ತಾರೆ, ಒಬ್ಬರು ಟ್ರೈಪಾಡ್ ಸರಿಮಾಡುತ್ತಾರೆ. ಅಷ್ಟು ಹೊತ್ತೂ ಒಳಗಿರುವವಳು ಉಪವಾಸ, ಅಲ್ವಾ?

ತುಂಬಾ ಹೊತ್ತು ಏನೂ ಆಗಲಿಲ್ಲ. ಬೇಜಾರೂ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ರೆಕ್ಕೆಯ ಭುಸ್ ಭುಸ್ ಸದ್ದು ಕೇಳಿ ತಲೆ ಎತ್ತಿದೆ. ಗಂಡು ಬಂದು ಮೊದಲು ಪಕ್ಕದ ಮರದಲ್ಲಿ ಕೂತು ಸುತ್ತ ನೋಡಿತು. ಕೆಂಪು ಕಣ್ಣು, ಅದರ ಸುತ್ತ ಕಪ್ಪು ಚರ್ಮ. ಹೆಣ್ಣಿಗೆ ಕಣ್ಣಿನ ಸುತ್ತ ಬಿಳಿಚು ಚರ್ಮ ಇರುತ್ತದೆ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಈ ಗುರುತು ನಿಜವಾಗಿ ಕಣ್ಣಿಗೆ ಬಿದ್ದಿದ್ದು ಆವತ್ತೇ. ಆಮೇಲೆ ಗೂಡಿನ ಬಾಯಿಗೆ ಹಾರಿತು. ಗಂಟಲಿನಿಂದ ಒಂದು ಹಣ್ಣನ್ನು ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ಕೊಟ್ಟಿತು. ಮತ್ತೆ ಕತ್ತು ಕುಲುಕಿ ಇನ್ನೊಂದು, ಮತ್ತೊಂದು. ಅಷ್ಟೊಂದು ಹಣ್ಣು ಎಲ್ಲಿಟ್ಟುಕೊಂಡಿತ್ತೋ! ಒಮ್ಮೆ ಹಣ್ಣು ಜಾರಿ ಕೆಳಗೆ ಬಿತ್ತು. ಅದು ತಲೆ ಕೆಡಿಸಿಕೊಳ್ಳಲಿಲ್ಲ, ಇನ್ನೊಂದನ್ನು ತೆಗೆಯಿತು. ಈ ಹೊತ್ತಿಗೆ ತಂಡದಲ್ಲಿ ಯಾರಾದರೂ "ಹೋಗೋಣ್ವಾ ಸರ್, ಇನ್ನೂ ಎರಡು ಜಾಗ ಇದೆ" ಅಂದಿರುತ್ತಿದ್ದರು.

ವಾಪಸ್ ಬರುವಾಗ ತಲೆಯ ಮೇಲೆ ಎತ್ತರದಲ್ಲಿ ದೊಡ್ಡ ಹದ್ದೊಂದು ತೇಲಿತು. ಸರ್ಪಹದ್ದೋ ಜೇನುಗಿಡುಗವೋ ತೀರ್ಮಾನವಾಗುವ ಮೊದಲೇ ಮರಗಳ ಆಚೆ ಮರೆಯಾಯಿತು. ರೆಕ್ಕೆಯ ಪಟ್ಟಿ ನೋಡಿದೆ, ಬಾಲ ನೋಡಲಾಗಲಿಲ್ಲ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಅವರು ಬಾಲ ನೋಡಿರುತ್ತಿದ್ದರು. ಪಟ್ಟಿಯಲ್ಲಿ 'ಜಾತಿ ತಿಳಿಯದ ಹದ್ದು' ಅಂತ ಹಾಕಿದೆ.

ಮಳೆಗಾಲ ಮುಗಿದ ಮೇಲೆ ಮತ್ತೆ ಅದೇ ಕಡೆ ಹೋಗುವ ಯೋಚನೆ ಇದೆ. ತಂಡದಿಂದ ಇಬ್ಬರನ್ನು ಮಾತ್ರ ಕರೆದಿದ್ದೇನೆ. ಒಬ್ಬರಿಗೆ ಕಿವಿ ತುಂಬಾ ಚುರುಕು. ಇನ್ನೊಬ್ಬರು ಮಾತು ಕಡಿಮೆ.